ಬಿಸಿ ರೊಟ್ಟಿಯ ದೂರ

ಕರೂರಿನ ಪಾರಮ್ಮ ವಿಮಾನವನ್ನು ಮೊಟ್ಟಮೊದಲು ನೋಡಿದ್ದು ಕೆಳಗೆ, ತನ್ನ ಎರಡು ಪಾದಗಳ ನಡುವೆ. ಕೇಳಿದವರಿಗೆ ನಗು ಬರಬಹುದು. ಭತ್ತದ ನಾಟಿ ಹಚ್ಚಿದವರಿಗೆ ಮಾತ್ರ ನಗು ಬರುವುದಿಲ್ಲ. ನಾಟಿ ಹಚ್ಚುವ ಹೆಂಗಸು ದಿನವಿಡೀ ಬಗ್ಗಿಯೇ ಇರುತ್ತಾಳೆ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ಆಕಾಶ ಅವಳ ಬೆನ್ನಿನ ಪಾಲು, ಕಣ್ಣಿನ ಪಾಲಿಗೆ ಬರುವುದು ನೀರು. ಮೋಡ ಬಂದದ್ದು, ಕೊಕ್ಕರೆ ಹಾದದ್ದು, ಹೊತ್ತು ಇಳಿದದ್ದು ಎಲ್ಲವೂ ಅವಳಿಗೆ ನೀರಿನಲ್ಲೇ ತಿಳಿಯಬೇಕು. ಹೀಗಿರುವಾಗ ಒಂದು ದಿನ ಬೆಳ್ಳಗಿನ ಪುಟ್ಟದೊಂದು ಗದ್ದೆಯ ನೀರಿನಲ್ಲಿ ಈ ಬದುವಿನಿಂದ ಆ ಬದುವಿಗೆ ಹೊರಟಿತು. ಸದ್ದು ಆಮೇಲೆ ಬಂತು. ಪಾರಮ್ಮ ಸಸಿಯ ಕಟ್ಟು ಹಿಡಿದ ಕೈಯನ್ನು ಮೇಲೆತ್ತಿ ಅದಕ್ಕೆ ದಾರಿ ಬಿಟ್ಟಳು. ಅದು ದಾಟಿ ಹೋದಮೇಲೆ ಅದೇ ಜಾಗದಲ್ಲಿ ಸಸಿ ಊರಿದಳು.

ಅದು ತೋರಣಗಲ್ಲಿನಿಂದ ಹೈದರಾಬಾದಿಗೆ ಹೋಗುವ ವಿಮಾನ. ರೆಕ್ಕೆಯ ಮೇಲೆ ಎರಡು ಪಂಖ ತಿರುಗುವ ಸಣ್ಣ ವಿಮಾನ. ಅದು ಹಾಯುವ ಹೊತ್ತಿಗೂ ಹೆಂಗಸರಿಗೆ ಹಸಿವಾಗುವ ಹೊತ್ತಿಗೂ ಸರಿಯಾಗಿ ತಾಳೆಯಾದದ್ದರಿಂದ ಪಾರಮ್ಮನ ಗುಂಪಿನವರು ಅದಕ್ಕೆ ರೊಟ್ಟಿ ಬಸ್ಸು ಎಂದು ಹೆಸರಿಟ್ಟರು. ನೀರಿನಲ್ಲಿ ರೊಟ್ಟಿ ಬಸ್ಸು ಕಂಡರೆ ಎಲ್ಲರೂ ಸೊಂಟ ನೆಟ್ಟಗೆ ಮಾಡಿಕೊಂಡು ಬದುವಿಗೆ ನಡೆಯಬೇಕು. ಬರದ ದಿನ ಜಗಳವೇ ಆಗುತ್ತಿತ್ತು. "ಇವತ್ತು ಬಂದಿಲ್ಲಂದ್ರ ಉಪಾಸ ಇರಬೇಕೇನ ನಾವು?" ಎಂದು ಕೇಳುವವರ ಬಾಯಿಗೆ ಪಾರಮ್ಮ ಉತ್ತರ ಕೊಡಲಾರಳು. ಆಕೆ ಗುಂಪಿನ ಮುಖಂಡಳು ನಿಜ, ವಿಮಾನದ ಮುಖಂಡಳಲ್ಲ.

ಕುರುಗೋಡಿನಲ್ಲಿ ಹುಟ್ಟಿ ಕರೂರಿಗೆ ಸೊಸೆಯಾಗಿ ಬಂದವಳು ಪಾರಮ್ಮ. ಸಿರುಗುಪ್ಪ ತಾಲ್ಲೂಕಿನ ಕಾಲುವೆ ನೀರು ಹರಿಯುವಷ್ಟು ದೂರ ಅವಳ ಕೈ ಸಸಿ ಊರದ ಗದ್ದೆ ಕಡಿಮೆ. ಗಂಡ ಪಕ್ಕೀರಪ್ಪ ಪರರ ಟ್ರ್ಯಾಕ್ಟರ್ ಓಡಿಸುತ್ತಾನೆ, ಮನೆಯಲ್ಲಿ ಮಾತಾಡುವ ಕೆಲಸವನ್ನು ಪೂರಾ ಹೆಂಡತಿಗೆ ಬಿಟ್ಟುಕೊಟ್ಟಿದ್ದಾನೆ. ಇರುವವಳು ಒಬ್ಬಳೇ ಮಗಳು, ಮೌನಿಕಾ. ಬಳ್ಳಾರಿಯ ಕಾಲೇಜಿನಲ್ಲಿ ಓದಿ, ತೋರಣಗಲ್ಲಿನ ವಿಮಾನ ನಿಲ್ದಾಣದಲ್ಲೇ ಚೀಟಿ ನೋಡಿ ಒಳಗೆ ಬಿಡುವ ಕೆಲಸಕ್ಕೆ ಸೇರಿಕೊಂಡಿದ್ದಳು. ಅಂದರೆ ತಾಯಿಯ ಗದ್ದೆಯ ನೀರಿಗೆ ದಿನವೂ ವಿಮಾನ ಕಳಿಸುತ್ತಿದ್ದವಳು ಮಗಳೇ. ಪಾರಮ್ಮ ಹಾಗೆಂದೇ ತಿಳಿದಿದ್ದಳು, ಹಾಗೆಂದೇ ಎಲ್ಲರಿಗೂ ಹೇಳುತ್ತಿದ್ದಳು.

ಈಗ ಆ ಮಗಳು ಹುಡುಗನೊಬ್ಬನನ್ನು ಮೆಚ್ಚಿದ್ದಳು. ಅವನ ಹೆಸರು ಸಂಗಮೇಶ್. ವಿಮಾನದ ಹೊಟ್ಟೆಗೆ ಪೆಟ್ಟಿಗೆ ತುಂಬುವ ಕೆಲಸ. ಒಂದು ವರ್ಷ ತೋರಣಗಲ್ಲಿನಲ್ಲಿದ್ದು ಆಮೇಲೆ ಹೈದರಾಬಾದಿನ ನಿಲ್ದಾಣಕ್ಕೆ ಹೋಗಿದ್ದ. ಊರು ಅಲ್ಲೇ, ಆ ನಿಲ್ದಾಣದ ಆಚೆಗಿನ ಒಂದು ಹಳ್ಳಿ. ಒಳ್ಳೆಯ ಹುಡುಗ, ತಮ್ಮಂಥದೇ ಜನ, ಮನೆಯಲ್ಲಿ ತೆಲುಗು. ತೆಲುಗಿನ ಚಿಂತೆ ಪಾರಮ್ಮನಿಗೆ ಇರಲಿಲ್ಲ, ಗಡಿಯಲ್ಲಿ ಹುಟ್ಟಿದವರಿಗೆ ಅದು ಅರ್ಧ ಮನೆಮಾತು. ಅವಳ ಚಿಂತೆ ಒಂದೇ.

"ಎಷ್ಟು ದೂರ ಐತಿ ಆ ಊರು?"

"ಗಾಳ್ಯಾಗ ಹೆಚ್ಚು ಕಡಿಮಿ ಮುನ್ನೂರು ಕಿಲೋಮೀಟ್ರು ಬೇ ಯವ್ವಾ. ಏರಿ ಕುಂತ್ರ ಒಂದು ತಾಸು, ಮ್ಯಾಲೊಂದಿಷ್ಟು. ನೀ ಸಿರುಗುಪ್ಪದಾಗ ಬಸ್ ಹತ್ತಿ ಬಳ್ಳಾರಿ ಮುಟ್ಟೋದರಾಗ ನಾ ಅಲ್ಲಿಂದ ಇಲ್ಲಿಗೆ ಬಂದು ಇಳದಿರತೀನಿ."

"ಮತ್ತ ನೆಲದ ಮ್ಯಾಲೆ?"

"ನೆಲದ ಮ್ಯಾಲೆ ಯಾಕ ಹೋಗಬೇಕು?" ಎಂದಳು ಮೌನಿಕಾ.

ಪಾರಮ್ಮ ಸುಮ್ಮನಾದಳು. ಅವಳು ಸುಮ್ಮನಾಗುವುದು ಅಪರೂಪ, ಆದ್ದರಿಂದ ಒಳಗೆ ಕೂತಿದ್ದ ಪಕ್ಕೀರಪ್ಪ ಎದ್ದು ಹೊರಗೆ ಬಂದು ನೋಡಿದ.

ದೂರದ ಮಾತು ಬಂದಾಗೆಲ್ಲ ಪಾರಮ್ಮನಿಗೆ ನೆನಪಾಗುತ್ತಿದ್ದವಳು ಅಕ್ಕ ಕೊಟ್ರಮ್ಮ. ಗೋದಾವರಿ ಕಡೆಯಿಂದ ಭತ್ತ ಬೆಳೆಯಲು ಬಂದವರ ಪೈಕಿಯ ಒಬ್ಬರು ಕೊಟ್ರಮ್ಮನನ್ನು ಮೆಚ್ಚಿ, ತಮ್ಮೂರಿನ ನೆಂಟರ ಮನೆಗೆ ಸೊಸೆಯಾಗಿ ಮಾಡಿಕೊಂಡು ಹೋಗಿದ್ದರು. ಮನೆ ನೋಡಿ ಬಂದ ಅವ್ವ ಕುರುಗೋಡಿನ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು: "ಎಂಥಾ ಅಡಿಗಿಮನಿ ಅಂತೀರಿ! ಎರಡು ಒಲಿ ಅದಾವು, ಎರಡು!" ಎರಡು ವರ್ಷವಾಗಿರಲಿಲ್ಲ, ಬಾಣಂತಿ ಕೊಟ್ರಮ್ಮನಿಗೆ ಜ್ವರ ಎಂದು ಸುದ್ದಿ ಬಂತು. ಅವ್ವ ರೊಟ್ಟಿ ಬಡಿದು, ಹೊದೆಯುವ ಕೌದಿಯ ತುಂಡಿನಲ್ಲಿ ಸುತ್ತಿ ಓಡಿದಳು. ಬಸ್ಸು, ರೈಲು, ಮತ್ತೆ ಬಸ್ಸು, ಕೊನೆಗೆ ಕಾಲುದಾರಿ. ಮುಟ್ಟಿದಾಗ ರೊಟ್ಟಿ ಒಣಗಿ ಹಪ್ಪಳವಾಗಿತ್ತು. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಗಳು ತವರಿನ ರೊಟ್ಟಿ ಎಂದು ಆಸೆಯಿಂದ ಬಾಯಿಗಿಟ್ಟಳು, ಅಗಿಯಲಾಗಲಿಲ್ಲ. ಮೂರನೆಯ ದಿನ ಹೋಗಿಬಿಟ್ಟಳು.

ಅವ್ವ ಊರಿಗೆ ಬಂದು ಆಮೇಲೆ ಬದುಕಿದ್ದಷ್ಟು ಕಾಲ ಹೇಳಿದ್ದು ಒಂದೇ ಮಾತು: "ರೊಟ್ಟಿ ಆರಿತ್ತು." ಪಾರಮ್ಮನನ್ನು ಕೊಡುವಾಗ ಅವ್ವ ಬಿಸಿ ರೊಟ್ಟಿಯ ಗಂಟು ಹಿಡಿದೇ ಮನೆ ನೋಡಲು ಕರೂರಿಗೆ ಬಂದಳು, ಬಾಗಿಲಲ್ಲೇ ಗಂಟು ಬಿಚ್ಚಿ ಕೈ ಇಟ್ಟು ನೋಡಿ, ಬಿಸಿ ಇದೆ ಎಂದಮೇಲೆಯೇ ಹೊಸ್ತಿಲು ದಾಟಿದಳು. ಬೀಗರಿಗೆ ಇದೇನು ಪದ್ಧತಿ ಎಂದು ಆಶ್ಚರ್ಯ. ಅಂದಿನಿಂದ ಅದು ಆ ಮನೆತನದ ಪದ್ಧತಿಯೇ ಆಯಿತು: ತವರಿನ ಒಲೆಯ ರೊಟ್ಟಿ ಬಿಸಿಯಾಗಿ ಮುಟ್ಟುವಷ್ಟು ದೂರಕ್ಕೆ ಮಾತ್ರ ಹೆಣ್ಣು ಕೊಡುವುದು. ಅವ್ವನ ಆ ಕೌದಿಯ ತುಂಡು ಈಗ ಪಾರಮ್ಮನ ಹತ್ತಿರ ಇದೆ. ಮಗಳಿಗೆ ಅವಳು ಹೇಳಿದ್ದೂ ಅಷ್ಟೇ. "ಬಿಸಿ ಮುಟ್ಟಿದ್ರ ಕೊಡತೀನಿ. ಆರಿದ್ರ ಇಲ್ಲ. ಅತ್ತರೂ ಇಲ್ಲ, ಕರದರೂ ಇಲ್ಲ."

ಹಾಗೆಂದು ಪಾರಮ್ಮ ಕಲ್ಲುಮನಸ್ಸಿನವಳಲ್ಲ. ಮಗಳ ಮುಖ ಬಾಡಿದ್ದು ಕಂಡು ಅವಳಿಗೂ ಊಟ ಸೇರಲಿಲ್ಲ. ಅದಕ್ಕೇ ತಾನೇ ಒಂದು ಪರೀಕ್ಷೆ ಮಾಡಿ ನೋಡಿದಳು. ಒಂದು ದಿನ ಗದ್ದೆಯ ಬದುವಿನ ಮೇಲೇ ಮೂರು ಕಲ್ಲು ಹೂಡಿ ರೊಟ್ಟಿ ಬೇಯಿಸಿ, ಕೌದಿಯ ತುಂಡಿನಲ್ಲಿ ಸುತ್ತಿ ಮುಂದಿಟ್ಟುಕೊಂಡು ಕೂತಳು. ಗುಂಪಿನವರೆಲ್ಲ ಸುತ್ತ ನಿಂತರು. ನೀರಿನಲ್ಲಿ ವಿಮಾನ ಕಂಡಿತು, ಈ ಬದುವಿನಿಂದ ಆ ಬದುವಿಗೆ ಹೋಯಿತು, ಹಸಿರು ಸಸಿಗಳ ತುದಿಯಲ್ಲಿ ಕರಗಿತು. ಆಮೇಲೆ ಕಾಯುವುದು. ಸೊಂಟದ ಸಂಚಿಯಲ್ಲಿದ್ದ ಫೋನು ಕೊನೆಗೂ ಬಡಿದುಕೊಂಡಿತು. "ಇಳೀತು ಬೇ, ಹೈದರಾಬಾದಿನ್ಯಾಗ ಇಳೀತಂತ," ಎಂದಳು ಮೌನಿಕಾ. ಪಾರಮ್ಮ ಗಂಟು ಬಿಚ್ಚಿದಳು. ರೊಟ್ಟಿಯಿಂದ ಇನ್ನೂ ಸಣ್ಣಗೆ ಹಬೆ ಏಳುತ್ತಿತ್ತು.

ಹೆಂಗಸರು ಕೇಕೆ ಹಾಕಿದರು. ಆ ರೊಟ್ಟಿಯನ್ನು ಚೂರು ಚೂರು ಮುರಿದು ಎಲ್ಲರೂ ತಿಂದರು, ಹೈದರಾಬಾದು ಇಷ್ಟು ಹತ್ತಿರ ಇದ್ದದ್ದು ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲವಲ್ಲ ಎಂದು ಬೆರಗಾದರು. ಮನೆ ನೋಡಲು ಹೋಗುವುದು ಅಲ್ಲೇ, ಬದುವಿನ ಮೇಲೇ ನಿಶ್ಚಯವಾಯಿತು.

ಈ ಲೆಕ್ಕದಲ್ಲಿ ಒಂದು ತಪ್ಪಿತ್ತು. ಓದುಗರಿಗೆ ಆಗಲೇ ಹೊಳೆದಿರುತ್ತದೆ. ಆದರೆ ವಿಮಾನ ಎಂಬುದು ತಮ್ಮ ಗದ್ದೆಯ ನೀರಿನಲ್ಲೇ ಹುಟ್ಟುವುದನ್ನು ವರ್ಷಗಟ್ಟಲೆ ನೋಡಿದ ಜನಕ್ಕೆ ಅದು ಹೊಳೆಯಲಿಲ್ಲ. ಕರೂರಿನಿಂದ ವಿಮಾನದವರೆಗೂ ಒಂದು ನೆಲವಿದೆ, ಇಳಿದಮೇಲೆ ಇನ್ನೊಂದು ನೆಲವಿದೆ, ನಡುವೆ ಕಾಯುವ ಕುರ್ಚಿಗಳಿವೆ. ಮೌನಿಕಾಗೆ ಇದೆಲ್ಲ ಗೊತ್ತಿತ್ತು. ದಿನವೂ ಜನರಿಗೆ ಗಂಟೆಗಟ್ಟಲೆ ಮೊದಲೇ ಬನ್ನಿ ಎಂದು ಹೇಳುವವಳೇ ಅವಳು. ಫೋನಿನಲ್ಲಿ ತಾಯಿಯ ಖುಷಿ ಕೇಳಿ ಅವಳು ಅಷ್ಟಕ್ಕೇ ಫೋನು ಇಟ್ಟುಬಿಟ್ಟಳು. ನಾಳೆ ಹೇಳಿದರಾಯಿತು ಎಂದುಕೊಂಡಳು, ನಾಳೆಯೂ ಹೇಳಲಿಲ್ಲ. ಕೊನೆಗೆ ಹೇಳಿದ್ದು ಇಷ್ಟೇ: "ಬೇ, ತೋರಣಗಲ್ಲಿನ ನನ್ನ ರೂಮಿನ್ಯಾಗ ಗ್ಯಾಸ್ ಐತಿ. ರೊಟ್ಟಿ ಅಲ್ಲೇ ಬಡದುಕೊಂಡು ಹೋಗೂನು."

"ಅದು ತವರಿನ ಒಲಿ ಅಲ್ಲ," ಎಂದಳು ಪಾರಮ್ಮ.

ನಾಟಿ ಮುಗಿದ ವಾರ ತಾಯಿ ಮಗಳು ಹೊರಟರು. ಬರುತ್ತೀಯಾ ಎಂದು ಕೇಳಿದ್ದಕ್ಕೆ ಪಕ್ಕೀರಪ್ಪ, "ನಾ ನೆಲದ ಮನುಷ್ಯಾ ಅದೀನಿ, ನೀವು ಹೋಗಿ ಬರ್ರಿ," ಎಂದು ಟ್ರ್ಯಾಕ್ಟರಿನ ಹಿಂದೆ ಅಡಗಿಕೊಂಡ. ಮನೆ ನೋಡಲು ಮದುಮಗಳೇ ಹೋಗುವುದುಂಟೇ ಎಂದು ಓಣಿಯಲ್ಲಿ ಒಂದಿಬ್ಬರು ಮೂಗು ಮುರಿದರು. ಹಾಗಾದರೆ ವಿಮಾನ ಹತ್ತಿಸುವವರು ಯಾರು, ನೀವು ಬರುತ್ತೀರಾ ಎಂದು ಪಾರಮ್ಮ ಕೇಳಿದಮೇಲೆ ಮುರಿದ ಮೂಗುಗಳು ನೆಟ್ಟಗಾದವು.

ಬೆಳಗ್ಗೆ ಬೇಯಿಸಿದ ಜೋಳದ ರೊಟ್ಟಿಯ ಗಂಟು ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸುಡುವಷ್ಟು ಬಿಸಿಯಿತ್ತು. ಪಾರಮ್ಮ ಅದನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿಕೊಂಡಿದ್ದಳು. ಮೌನಿಕಾ ಹೊಟ್ಟೆಯಲ್ಲಿದ್ದಾಗ ಕಾಲುವೆಯ ಏರಿಯ ಮೇಲೆ ಹೀಗೇ ಕೈ ಇಟ್ಟುಕೊಂಡು ನಡೆಯುತ್ತಿದ್ದದ್ದು ನೆನಪಾಗಿ ಅವಳಿಗೆ ತನ್ನಷ್ಟಕ್ಕೆ ನಗು ಬಂತು. ಕುರುಗೋಡಿನ ಮೇಲೆ ಹಾಯ್ದು ಹೋಗುವ ಬಸ್ಸು ಅದು. ಕುರುಗೋಡಿನಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದವನು ಬರಲೇ ಇಲ್ಲ. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು, ತವರಿನ ಓಣಿಯ ಬಾಯಿ ಕಾಣುತ್ತಿತ್ತು. ಆ ಓಣಿಯಿಂದ ಅವ್ವ ಗಂಟು ಹಿಡಿದು ಓಡುತ್ತಾ ಬಂದು ಇದೇ ಬಸ್ಸು ಹತ್ತಿ ಪಕ್ಕದಲ್ಲಿ ಕೂತಂತೆ ಪಾರಮ್ಮನಿಗೆ ಅನಿಸಿತು, ಅವಳು ಸ್ವಲ್ಪ ಒತ್ತರಿಸಿ ಜಾಗ ಬಿಟ್ಟಳು.

ಬಳ್ಳಾರಿಯಲ್ಲಿ ರಾಯಲ್ ಸರ್ಕಲ್ಲಿನ ಸಂದಣಿಯಲ್ಲಿ ಬಸ್ಸು ಸಿಕ್ಕಿಕೊಂಡಿತು. ಕೋಟೆಯ ಗುಡ್ಡದ ಕಲ್ಲುಗಳು ಬಿಸಿಲಿಗೆ ಕಾದು ಕೂತಿದ್ದವು. ಇಷ್ಟೊಂದು ಬಿಸಿ ಊರೆಲ್ಲ ಸುರಿದು ಬಿದ್ದಿರುವಾಗ ತನ್ನ ಗಂಟಿನದು ಮಾತ್ರ ಯಾಕೆ ಇಳಿಯುತ್ತಿದೆ ಎಂದು ಪಾರಮ್ಮನಿಗೆ ಸಿಟ್ಟು ಬಂತು. ಬಸ್ಸು ಬದಲಾಯಿಸಿ ಕುಡತಿನಿ ದಾಟುವಾಗ, ದೊಡ್ಡ ಚಿಮಣಿಗಳ ಹೊಗೆ ಅಲ್ಲಾಡದೆ ನಿಂತಿದ್ದ ಹೊತ್ತಿಗೆ, ಅವಳು ಕೈ ಒಳಗೆ ಹಾಕಿ ನೋಡಿದಳು. ಉಗುರುಬೆಚ್ಚಗಿತ್ತು.

"ಇನ್ನಾ ಎಷ್ಟು ದೂರ ಐತಿ ವಿಮಾನ?"

"ಬಂತು ಬೇ," ಎಂದಳು ಮೌನಿಕಾ, ತಾಯಿಯ ಮುಖ ನೋಡದೆ.

ನಿಲ್ದಾಣದಲ್ಲಿ ಕಾವಲಿನವನು ಗಂಟು ಬಿಚ್ಚಿ ತೋರಿಸಲು ಹೇಳಿದ. "ಬಿಚ್ಚಿಸಬ್ಯಾಡ್ರಿ ಯಪ್ಪಾ, ಬಿಸಿ ಹೋಗತೈತಿ!" ಎಂದು ಪಾರಮ್ಮ ಗಂಟನ್ನು ಎದೆಗೆ ಅಪ್ಪಿಕೊಂಡಳು. ಅವನಿಗೆ ಅನುಮಾನ ಇನ್ನೂ ಹೆಚ್ಚಾಯಿತು. ಮೌನಿಕಾ ನಡುವೆ ಬಂದು ಸಮಾಧಾನ ಮಾಡಿದಳು, ಆದರೂ ಅವನು ಬಿಚ್ಚಿಸಿಯೇ ಬಿಟ್ಟ. ಎರಡೇ ಎರಡು ಗಳಿಗೆ. ಆದರೆ ಆ ತಣ್ಣನೆಯ ಎ.ಸಿ. ಗಾಳಿ ಗಂಟಿನೊಳಗೆ ಹೊಕ್ಕಿದ್ದು ಪಾರಮ್ಮನಿಗೆ ಕಣ್ಣಾರೆ ಕಂಡಿತು. ಆಮೇಲೆ ಕುರ್ಚಿಯಲ್ಲಿ ಕೂತು ಕಾಯ್ದರು. ಗಾಜಿನಾಚೆ ರೊಟ್ಟಿ ಬಸ್ಸು ನಿಂತೇ ಇತ್ತು, ಹೊರಡುವ ಯೋಚನೆಯೇ ಅದಕ್ಕಿದ್ದಂತಿರಲಿಲ್ಲ. ನೀರಿನಲ್ಲಿ ಇದ್ದದ್ದಕ್ಕಿಂತ ತುಂಬಾ ದೊಡ್ಡದಿತ್ತು.

ಏರಿದಾಗ ಮಾತ್ರ ಎಲ್ಲವೂ ಬದಲಾಯಿತು.

ಹುಟ್ಟಿದಾರಭ್ಯ ನೆಲದ ಮೇಲೆ ಬಗ್ಗಿದವಳು ಈಗ ಕಿಟಕಿಗೆ ಬಗ್ಗಿದಳು. ನೆಲ ಮೆಲ್ಲಗೆ ಕೈ ಬಿಟ್ಟಿತು. ಕುಡತಿನಿಯ ಚಿಮಣಿಗಳು ಊದಿನಕಡ್ಡಿಯಷ್ಟಾದವು. ಒಂದು ಗುಡ್ಡ ಬಂತು, ಕುರುಗೋಡಿನದೇ ಇರಬೇಕು, ಮುಚ್ಚಿದರೆ ಅಂಗೈಯೊಳಗೆ ಹಿಡಿಯುವಷ್ಟಿತ್ತು. ಬೆಳಗಿನಿಂದ ಬಸ್ಸಿನಲ್ಲಿ ಕುಕ್ಕಿಸಿಕೊಂಡು ಬಂದ ದಾರಿಯೆಲ್ಲ ಒಂದು ಎಳೆ ದಾರವಾಗಿ ಕೆಳಗೆ ಬಿದ್ದಿತ್ತು. ಆಮೇಲೆ ನೀರು ಬಂತು. ಎಲ್ಲಿ ನೋಡಿದರೂ ಗದ್ದೆಯ ನೀರು, ಬದುಗಳ ನಡುವೆ ಚೌಕ ಚೌಕವಾಗಿ ಹೊಳೆಯುವ ನೀರು, ಎಳೆಯ ಹಸಿರು ಇನ್ನೂ ಮುಚ್ಚದ ನೀರು. ಅದರಲ್ಲಿ ಎಷ್ಟೋ ಗದ್ದೆಗೆ ಸಸಿ ಊರಿದ್ದು ತನ್ನದೇ ಕೈ. ಹಿಂದೆ ಹಿಂದೆ ನಡೆಯುತ್ತಾ ಎಷ್ಟು ದೂರ ಬಂದಿದ್ದೆ ಎಂದು ಅವಳಿಗೆ ಈಗ ತಾನೇ ಕಂಡಿತು.

ಅಲ್ಲೆಲ್ಲೋ ಕೆಳಗೆ, ಒಂದು ಬದುವಿನ ಹತ್ತಿರ, ಇನ್ನೊಬ್ಬ ಪಾರಮ್ಮ ಬಗ್ಗಿದ್ದಾಳೆ ಎಂದು ಅವಳಿಗೆ ಅನಿಸಿತು. ಅವಳ ಕಾಲ ನಡುವಿನ ನೀರಿನಲ್ಲಿ ಈಗ ಬೆಳ್ಳಗಿನ ಪುಟ್ಟದೊಂದು ಹೊರಟಿದೆ. ಅವಳು ಸಸಿ ಹಿಡಿದ ಕೈ ಎತ್ತಿ ದಾರಿ ಬಿಡುತ್ತಿದ್ದಾಳೆ. ಮೇಲಿನ ಪಾರಮ್ಮ ಕಿಟಕಿಗೆ ಅಂಗೈ ಹಚ್ಚಿ ಕೆಳಗಿನ ಪಾರಮ್ಮನಿಗೆ ಕೈ ಮಾಡಿದಳು. ಕೆಳಗಿನವಳ ಪಕ್ಕ ಕೊಟ್ರಮ್ಮನೂ ಇದ್ದಳು, ಲಂಗ ಎತ್ತಿ ಕಟ್ಟಿದ ಹುಡುಗಿ, ನಾಟಿಯಲ್ಲಿ ಎಂದೂ ತಂಗಿಗಿಂತ ಮುಂದೆ. "ಅಕ್ಕಾ, ಮ್ಯಾಲೆ ನೋಡು," ಎಂದು ಪಾರಮ್ಮ ಮೆಲ್ಲಗೆ ಹೇಳಿದಳು. ನಾಟಿಯವರು ಮೇಲೆ ನೋಡುವುದಿಲ್ಲ. ತುಂಗಭದ್ರೆಯ ಬೆಳ್ಳಿಗೆರೆ ದಾಟಿದಮೇಲೆ ಮೋಡ ಬಂದು ಎಲ್ಲವನ್ನೂ ಮುಚ್ಚಿತು. ಆ ಬಿಳಿಯಲ್ಲಿ ಪಾರಮ್ಮ ಗಂಟಿನ ಚಿಂತೆಯನ್ನೇ ಮರೆತು ಹಾಗೇ ತೇಲಿದಳು.

ಇಳಿದಾಗ ನೆನಪಾಯಿತು. ಕೈ ಹಾಕಿದಳು. ರೊಟ್ಟಿ ಪೂರ್ತಿ ಆರಿತ್ತು.

ಕರೆದೊಯ್ಯಲು ಬಂದಿದ್ದ ಸಂಗಮೇಶ್ ಇಬ್ಬರನ್ನೂ ಹಳ್ಳಿಗೆ ಹೋಗುವ ಆಟೋ ಹತ್ತಿಸಿದ. ಮುಂದೆ ಕೂತವನು ಒಂದೆರಡು ಸಲ ತಿರುಗಿ ನೋಡಿ, ಏನೋ ಕೆಟ್ಟಿದೆ ಎಂದು ತಿಳಿದು ರಸ್ತೆಯ ಕಡೆ ಮುಖ ಮಾಡಿದ. ಕೊನೆಗೆ ಮೌನಿಕಾಳೇ ಸಣ್ಣ ದನಿಯಲ್ಲಿ ಅಂದಳು: "ನನಗ ಮೊದಲಾ ಗೊತ್ತಿತ್ತು ಬೇ, ಆರತೈತಿ ಅಂತ. ಹೇಳಾಕ ಬಾಯಿ ಬರಲಿಲ್ಲ."

"ನಾ ಆಡಿದ ಮಾತು ಆಡೀನಿ," ಎಂದಳು ಪಾರಮ್ಮ. ಮಗಳ ಕಣ್ಣೀರು ಕೆನ್ನೆಯ ಮೇಲೆ ಇಳಿಯುವುದು ಕಂಡಿತು, ಒರೆಸಬೇಕೆನಿಸಿತು, ಕೈ ಮಾತ್ರ ಗಂಟಿನ ಮೇಲೇ ಇತ್ತು. ಬಂದದ್ದಕ್ಕೆ ನೀರು ಕುಡಿದು, ನಮಸ್ಕಾರ ಹೇಳಿ, ತಿರುಗಿ ಹೋಗುವುದೆಂದು ಅವಳು ನಿಶ್ಚಯ ಮಾಡಿಬಿಟ್ಟಿದ್ದಳು.

ಸಂಗಮೇಶನ ತಾಯಿ ಅನಿತಮ್ಮ ಬಾಗಿಲಲ್ಲೇ ನಿಂತಿದ್ದಳು. ಸಣ್ಣ ಮನೆ, ಎರಡು ಕೋಣೆ. ಮಾಡಿನ ಮೇಲೆ ವಿಮಾನಗಳು ಇಳಿಯುವ ಸದ್ದು ಬಿಟ್ಟೂ ಬಿಡದೆ. ಅವ್ವ ಮಾಡಿದಂತೆಯೇ ಪಾರಮ್ಮ ಹೊಸ್ತಿಲಿನ ಆಚೆಯೇ ಗಂಟು ಬಿಚ್ಚಿದಳು. ಮಾತು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅನಿತಮ್ಮ ರೊಟ್ಟಿಗಳ ಮೇಲೆ ಅಂಗೈ ಇಟ್ಟಳು.

"ಚಲ್ಲಾರಿಪೋಯಾಯಿ ವದಿನಾ," ಎಂದಳು. ಆರಿಬಿಟ್ಟಿವೆ ಅತ್ತಿಗೆ. ಇಷ್ಟೇ ಹೇಳಿ, ಗಂಟನ್ನು ಪಾರಮ್ಮನ ಕೈಯಿಂದ ತಾನೇ ತೆಗೆದುಕೊಂಡು ಒಳಗೆ ಹೋದಳು. ಕಡ್ಡಿ ಗೀರಿದ ಸದ್ದು ಕೇಳಿತು. ಹಂಚು ಇಟ್ಟ ಸದ್ದು ಕೇಳಿತು. ಅವಳು ಒಂದೊಂದೇ ರೊಟ್ಟಿಗೆ ನೀರಿನ ಕೈ ಸವರಿ ಹಂಚಿನ ಮೇಲೆ ಹಾಕಿ, ಬಟ್ಟೆಯಿಂದ ಒತ್ತಿ ಒತ್ತಿ ಬಿಸಿ ಮಾಡಿದಳು. ಬೇಯುವ ಜೋಳದ ವಾಸನೆ ಹೊಸ್ತಿಲಿನವರೆಗೆ ಬಂತು. ಆಮೇಲೆ ಅನಿತಮ್ಮ ಮೊದಲ ರೊಟ್ಟಿಯನ್ನು ಸೆರಗಿನಲ್ಲಿ ಹಿಡಿದು ತಂದು, ಬೀಗತಿಯಾಗಬೇಕಾದವಳ ಎರಡೂ ಅಂಗೈಯಲ್ಲಿ ಇಟ್ಟಳು. ಸುಟ್ಟಿತು. ಪಾರಮ್ಮ ಕೈ ತೆಗೆಯಲಿಲ್ಲ.

"ಅಕ್ಕನ ಮನ್ಯಾಗೂ ಒಲಿ ಇದ್ವು," ಎಂದಳು ಪಾರಮ್ಮ. ಯಾರಿಗೆ ಹೇಳಿದಳೋ. "ಎರಡು ಇದ್ವು. ನಮ್ಮವ್ವ ದೂರಕ್ಕ ಬೈದ್ಲು, ರೊಟ್ಟಿಗಿ ಬೈದ್ಲು, ಸಾಯೋತನ ಬೈದ್ಲು. ಒಂದು ಒಲಿ ಹಚ್ಚಲಿಲ್ಲ ಆ ಮನ್ಯಾಗ ಯಾರೂ."

ಅವಳು ಅಳುತ್ತಾ ಹೊಸ್ತಿಲು ದಾಟಿದಳು. ಅನಿತಮ್ಮನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಮಣೆ ಹಾಕಿದಳು, ಪಕ್ಕದಲ್ಲಿ ಕೂತಳು, ಬೆನ್ನ ಮೇಲೆ ಕೈ ಇಟ್ಟಳು. ಮೌನಿಕಾ ಮಾತ್ರ ಬಾಗಿಲ ಹೊರಗೇ ನಿಂತಿದ್ದಳು, ಒಳಗೆ ಬರಬೇಕೋ ಬೇಡವೋ ತಿಳಿಯದೆ.

ಆಗ ಪಾರಮ್ಮನ ಸೊಂಟದ ಸಂಚಿಯಲ್ಲಿ ಫೋನು ಬಡಿದುಕೊಂಡಿತು. ಪಕ್ಕೀರಪ್ಪ. ಅವನ ಹಿಂದೆ ಗುಂಪಿನ ಹೆಂಗಸರೆಲ್ಲ ಸೇರಿರುವುದು ಗಲಾಟೆಯಿಂದಲೇ ತಿಳಿಯುತ್ತಿತ್ತು. ನೀರಿನಲ್ಲಿ ವಿಮಾನ ಹಾದಾಗಿನಿಂದ ಬದುವಿನ ಮೇಲೇ ಕಾದು ಕೂತಿದ್ದರಂತೆ.

"ಏನಾತಲೇ?" ಎಂದ ಪಕ್ಕೀರಪ್ಪ. "ರೊಟ್ಟಿ?"

ಪಾರಮ್ಮ ಕಣ್ಣೊರೆಸಿಕೊಂಡು ಬಾಗಿಲಲ್ಲಿ ನಿಂತ ಮಗಳನ್ನು ನೋಡಿದಳು, ಬಾ ಎಂದು ಕೈ ಚಾಚಿದಳು.

"ಬಿಸಿ ಅದಾವು," ಎಂದಳು.